ಮೊದಲು ಹಿಡಿದ ಔಷಧ ಆಮೇಲೆ ಏಕೆ ಹಿಡಿಯುವುದಿಲ್ಲ?

ನಾನು ಜೀವರಸಾಯನಶಾಸ್ತ್ರ ಕಲಿಸುತ್ತೇನೆಂದು ತಿಳಿದವರು, ಅದರಲ್ಲೂ ಮನೆಯಲ್ಲಿ ರಕ್ತದ ಕ್ಯಾನ್ಸರ್ ಕಂಡವರು, ಮತ್ತೆ ಮತ್ತೆ ಕೇಳುವುದು ಇದನ್ನೇ: “ಸೈಟರಬಿನ್ ಎಂಬ ಕ್ಯಾನ್ಸರ್ ಔಷಧ ಮೊದಲ ಸಲ ಚೆನ್ನಾಗಿ ಹಿಡಿಯಿತು. ಕಾಯಿಲೆ ಮರುಕಳಿಸಿದಾಗ ಅದೇ ಔಷಧ ಏಕೆ ನಾಟಲಿಲ್ಲ?”

ಔಷಧ ಬದಲಾಗಿರುವುದಿಲ್ಲ, ಜೀವಕೋಶ ಬದಲಾಗಿರುತ್ತದೆ. ಅದಕ್ಕೆ ದಾರಿಗಳು ಹಲವು. ಒಂದು ದಾರಿ ಡಿಆಕ್ಸಿಸೈಟಿಡಿನ್ ಕೈನೇಸ್ ಎಂಬ ಕಿಣ್ವದ ಮೂಲಕ ಹಾಯುತ್ತದೆ.

ಹಳೆಯ ಮನೆ ಬಿಚ್ಚುವಾಗ ತೊಲೆ, ಹೆಂಚುಗಳನ್ನು ಎತ್ತಿಟ್ಟು ಹೊಸ ಮನೆಗೆ ಬಳಸುತ್ತೇವಲ್ಲವೇ? ಡಿಎನ್‌ಎ ಒಡೆದಾಗ ಸಿಗುವ, ಸೈಟೊಸಿನ್‌ನಂಥ ಒಂದು ‘ಅಕ್ಷರ’ ಮತ್ತು ಸಕ್ಕರೆ ಸೇರಿದ ತುಣುಕುಗಳಾದ ನ್ಯೂಕ್ಲಿಯೊಸೈಡ್‌ಗಳನ್ನು ಜೀವಕೋಶವೂ ಹಾಗೆಯೇ ಉಳಿಸಿಕೊಳ್ಳುತ್ತದೆ. ಈ ಕಿಣ್ವ ಅವುಗಳಲ್ಲಿ ಹಲವಕ್ಕೆ ಮೊದಲ ಫಾಸ್ಫೇಟನ್ನು ಜೋಡಿಸುತ್ತದೆ. ಫಾಸ್ಫೇಟಿನ ಋಣ ವಿದ್ಯುದಂಶದಿಂದಾಗಿ ಆ ಅಣು ಕೋಶದ ಪೊರೆ ದಾಟಿ ಹೊರಹೋಗಲಾರದು. ಬೇರೆ ಕಿಣ್ವಗಳು ಇನ್ನೆರಡು ಫಾಸ್ಫೇಟ್ ಸೇರಿಸಿದ ಮೇಲೆ ಅದು ಹೊಸ ಡಿಎನ್‌ಎಗೆ ಒದಗುತ್ತದೆ.

ಈ ಕಿಣ್ವದ ರಚನೆಯನ್ನು ನೋಡಿದಾಗಲೆಲ್ಲ ನನಗೆ ಬೆರಗು. 260 ಅಮೈನೊ ಆಮ್ಲಗಳ ಎರಡು ಸರಪಳಿಗಳು ಜೋಡಿಯಾಗಿ ನಿಲ್ಲುತ್ತವೆ. ಪ್ರತಿಯೊಂದರ ನಡುವೆ ಐದು ಎಳೆಗಳ ಹಾಳೆ, ಸುತ್ತ ಸುರುಳಿಗಳು. ಸ್ಫಟಿಕ ರಚನೆ 2003ರಲ್ಲಿ ಪ್ರಕಟವಾದ ಮೇಲೆ ಅಣು ಕೂರುವ ಗುಳಿ ಸ್ಪಷ್ಟವಾಗಿ ಕಂಡಿತು. ಅಲ್ಲಿ 97ನೆಯ ಗ್ಲುಟಮಿನ್, 133ನೆಯ ಆಸ್ಪಾರ್ಟೇಟ್ ಎಂಬ ಅಮೈನೊ ಆಮ್ಲಗಳು ಸೈಟೊಸಿನ್ನನ್ನು ಹಿಡಿದುಕೊಳ್ಳುತ್ತವೆ. ಇನ್ನೊಂದು ನ್ಯೂಕ್ಲಿಯೊಸೈಡ್ ಆದ ಥೈಮಿಡಿನ್‌ಗೆ ಅಲ್ಲಿ ಜಾಗವಿಲ್ಲ. 104 ಮತ್ತು 133ನೆಯ ಸ್ಥಾನಗಳಲ್ಲಿ ಎರಡೇ ಅಮೈನೊ ಆಮ್ಲಗಳನ್ನು ಬದಲಿಸಿದರೆ ಅದಕ್ಕೂ ಬಾಗಿಲು ತೆರೆಯುತ್ತದೆ! ಸಕ್ಕರೆಯ ವಿಷಯದಲ್ಲಿ ಮಾತ್ರ ಈ ಕಿಣ್ವ ಅಷ್ಟು ಕಟ್ಟುನಿಟ್ಟಲ್ಲ. ಸಹಜ ಅಣುವಿನ ಕನ್ನಡಿ ಬಿಂಬದಂಥ ಆಕಾರದ ಲ್ಯಾಮಿವುಡಿನ್ ಎಂಬ ಎಚ್‌ಐವಿ ಔಷಧಕ್ಕೂ ಇದು ಫಾಸ್ಫೇಟ್ ಕೊಡುತ್ತದೆ.

ಸೈಟರಬಿನ್ ಆ ಗುಳಿಯೊಳಗೆ ನುಗ್ಗುವುದು ಈ ಸಡಿಲದಿಂದಲೇ. ಅದರ ಸಕ್ಕರೆಯಲ್ಲಿ ಮಾತ್ರ ಸಣ್ಣ ವ್ಯತ್ಯಾಸ. ಕೋಶದೊಳಗೆ ಬರುವಾಗ ಅದು ನಿರಪಾಯಕಾರಿ. ಕಿಣ್ವವು ಮೊದಲ ಫಾಸ್ಫೇಟ್ ಕೊಟ್ಟ ಮೇಲೆಯೇ ಅದು ಡಿಎನ್‌ಎ ಕಟ್ಟುವ ಕೆಲಸವನ್ನು ಕೆಡಿಸಬಲ್ಲ ಅಸ್ತ್ರವಾಗತೊಡಗುತ್ತದೆ.

ಕೋಟ್ಯಂತರ ಕ್ಯಾನ್ಸರ್ ಕೋಶಗಳಲ್ಲಿ ಕೆಲವು ಈ ಕಿಣ್ವವನ್ನು ಕಳೆದುಕೊಂಡಿದ್ದರೆ ಔಷಧ ಅವುಗಳೊಳಗೆ ಬಂದರೂ ಅಸ್ತ್ರವಾಗುವುದಿಲ್ಲ. ಉಳಿದವು ಸಾಯುತ್ತವೆ, ಇವು ಬೆಳೆಯುತ್ತವೆ. ಪ್ರಯೋಗಾಲಯದಲ್ಲಿ ಇಂಥ ಕೋಶಗಳಿಗೆ ಸರಿಯಾದ ಜೀನ್ ಮರಳಿಸಿದಾಗ ಸೈಟರಬಿನ್ ಮತ್ತೆ ನಾಟಿದೆ. ಇದೇ ಬಗೆಯ ಕ್ಯಾನ್ಸರ್ ಔಷಧಗಳಾದ ಫ್ಲುಡರಬಿನ್, ಕ್ಲಾಡ್ರಿಬಿನ್, ಜೆಮ್‌ಸಿಟಬಿನ್‌ಗಳಿಗೂ ಇದೇ ಕಿಣ್ವ ಬೇಕು. ಹಾಗಾಗಿ ಅದನ್ನು ಕಳೆದುಕೊಂಡ ಕೋಶದೆದುರು ಇವುಗಳಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟರೂ ಹೆಚ್ಚಿನ ಪ್ರಯೋಜನವಿರುವುದಿಲ್ಲ.