ಭೀಮಾ ದಂಡೆಯ ಫರ್ಸಿ ಮೇಲೆ ಬಾಳೆ ಮೀನಿಗೆ ಗಾಳ: ಈ ಹಂಗಾಮಿನ ಕೆಲಸ

ಶಹಾಬಾದ್, ಚಿತ್ತಾಪುರ ಸುತ್ತಿನ ಭೀಮಾ ಮತ್ತು ಕಾಗಿಣಾ ದಂಡೆಗೆ ಮನೆಮಂದಿಯೆಲ್ಲ ಹೋಗಿ, ಮಡುವಿನ ತಳದಲ್ಲಿ ಓಡಾಡುವ ಬಾಳೆ ಮೀನು ಹಿಡಿಯಲು ಒಪ್ಪುವ ಸಾಮಾನು ಮಾಡಿಕೊಳ್ಳುವುದು ಈ ಸಲದ ಕೆಲಸ. ಇಲ್ಲಿ ಎರೆಗಿಂತ, ದೂರ ಎಸೆಯುವುದಕ್ಕಿಂತ ಫರ್ಸಿ, ಅಂದರೆ ಚಪ್ಪಟೆ ಹಾಸುಗಲ್ಲೇ ದೊಡ್ಡ ತೊಡಕು. ನೆಲದಲ್ಲಿ ಗೂಟ ಇಳಿಯುವುದಿಲ್ಲ, ದಾರ ಮುಳುಗಿಸುವ ಸೀಸದ ಭಾರ ಸಂದಿಯಲ್ಲಿ ಸಿಗುತ್ತದೆ, ತಂಗೂಸಿ (ನೈಲಾನ್ ದಾರ) ಫರ್ಸಿಯ ಅಂಚಿಗೆ ತೀಡಿ ಹರಿಯುತ್ತದೆ. ಮೂರಕ್ಕೂ ಒಂದೊಂದಾಗಿ ದಾರಿ ಆಗುತ್ತಿದೆ.

ದೀಪಾವಳಿ ದಾಟಿದ ಮೇಲೆ: ಸ್ಟ್ಯಾಂಡು

ಮಳೆಗಾಲದ ಕೆಂಪು ನೀರು ತಿಳಿಯಾಗಿದೆ. ಬ್ಯಾರೇಜುಗಳ ಗೇಟು ಹಾಕಿದ್ದರಿಂದ ಮೇಲ್ಭಾಗದಲ್ಲಿ ಸೆಳವು ಕಡಿಮೆ.

ರಾಡು ನಿಲ್ಲಿಸಲು ಎರೆ ಮಣ್ಣಿನ ದಂಡೆಗೆ ಒಂದು ಪೈಪು ಬಡಿದರೆ ಸಾಕು, ಫರ್ಸಿ ಮೇಲೆ ಅದು ನಡೆಯದು. 30 ಸೆಂ.ಮೀ. ಚೌಕದ ತಗಡಿಗೆ ಪೈಪು ಬೆಸೆದು, ಮೇಲೆ 20 ಕಿಲೋ ಕಲ್ಲು ಹೇರಿದರೂ ಸ್ಟ್ಯಾಂಡು ಮುಗ್ಗರಿಸುತ್ತದೆ. ಲೆಕ್ಕ ಸರಳ. ರಾಡಿನ ತುದಿ ನೆಲದಿಂದ ಸುಮಾರು 2 ಮೀಟರ್ ಎತ್ತರ. ಮೀನು 3 ಕಿಲೋ ಬಲದಿಂದ ಎಳೆದರೆ ಉರುಳಿಸುವ ಎಳೆತ, ಅಂದರೆ ಬಲ ಗುಣಿಸು ಎತ್ತರ, 3 ಎರಡಲೆ 6. ಕಲ್ಲಿನ ಭಾರ ತಗಡಿನ ಮುಂದಿನ ಅಂಚಿಗೆ ಬರೀ 15 ಸೆಂ.ಮೀ. ದೂರ ಇರುವುದರಿಂದ ಅದರ ತಡೆ 20 ಕಿಲೋಗೆ 0.15 ಮೀಟರ್, ಅಂದರೆ 3 ಮಾತ್ರ. ಅರ್ಧಕ್ಕರ್ಧ ಕೊರತೆ.

ಆದ್ದರಿಂದ ಈಗಿನ ರೂಪ ಹೀಗಿದೆ: 25 ಮಿ.ಮೀ. ಕಬ್ಬಿಣದ ಆಂಗಲಿನ ಒಂದು ಕಾಲು ನೀರಿನ ಕಡೆಗೆ 70 ಸೆಂ.ಮೀ. ಚಾಚಿದೆ, ಕಲ್ಲು ಹೇರುವ ತಟ್ಟೆ ಹಿಂದಿದೆ. ಭಾರ ಮುಂದಿನ ತುದಿಯಿಂದ 60 ಸೆಂ.ಮೀ. ದೂರ ಹೋದಾಗ ಅದೇ 20 ಕಿಲೋ 12ರಷ್ಟು ತಡೆಯುತ್ತದೆ. ಕಲ್ಲು ಹೊರುವ ಗೋಜಿಲ್ಲ, ದಂಡೆಯಲ್ಲಿ ಫರ್ಸಿ ತುಂಡಿಗೆ ಬರವೇ? ರಾಡು ಕೂರಿಸಲು 35 ಸೆಂ.ಮೀ. ಪಿವಿಸಿ ಪೈಪು, ಒಳಗೆ ಸೈಕಲ್ ಟ್ಯೂಬಿನ ಪಟ್ಟಿ, ಬಾಯಲ್ಲಿ ರೀಲಿನ ಕಾಲಿಗೆ ಸೀಳು. ರಾಡಿನ ಹಿಡಿಗೂ ಸ್ಟ್ಯಾಂಡಿಗೂ 2 ಮೀಟರ್ ಹಗ್ಗ ಬಿಗಿಯಲೇಬೇಕು. ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿತ) ಪೂರ್ತಿ ಬಿಗಿದಿಟ್ಟ ರಾಡು ನೀರಿಗೆ ಹೋಗುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು.

ಎಳ್ಳ ಅಮವಾಸ್ಯೆ ಸುಮಾರಿಗೆ: ದಾರ ಮತ್ತು ಭಾರ

9ರಿಂದ 10 ಅಡಿಯ ಗಟ್ಟಿ ಫೈಬರ್ ರಾಡು, 5000 ಅಥವಾ 6000 ಅಳತೆಯ ರೀಲು, ಸುಮಾರು 12 ಕಿಲೋ ತಡೆಯುವ 0.45 ಮಿ.ಮೀ. ತಂಗೂಸಿ 150 ಮೀಟರ್. ಡ್ರ್ಯಾಗನ್ನು ದಾರದ ಬಲದ ಕಾಲು ಭಾಗಕ್ಕೆ, ಅಂದರೆ 3 ಕಿಲೋಗೆ ಇಡಬೇಕು. ಕೈ ಅಂದಾಜು ನಂಬುವಂತಿಲ್ಲ. ದಾರದ ತುದಿಗೆ ಸ್ಪ್ರಿಂಗ್ ಕಾಂಟಾ ಸಿಗಿಸಿ, ರಾಡು ಬಾಗಿಸಿ ಎಳೆದು ನೋಡಬೇಕು.

ಫರ್ಸಿ ಅಂಚಿಗಾಗಿ ಮುಂದಿನ 6 ಮೀಟರ್ ದಾರ 0.70 ಮಿ.ಮೀ. ದಪ್ಪದ್ದು, ಡಬಲ್ ಯೂನಿ ಗಂಟಿನಿಂದ ಜೋಡಿಸಿದ್ದು. ಗಂಟು ಬಿಗಿಯುವ ಮುಂಚೆ ಉಗುಳು ಹಚ್ಚಿ ತೇವ ಮಾಡಬೇಕು, ಒಣ ತಂಗೂಸಿ ತಿಕ್ಕಾಟದ ಬಿಸಿಗೆ ಸತ್ವ ಕಳೆದುಕೊಳ್ಳುತ್ತದೆ. ಪ್ರತಿ ಮೀನಿನ ನಂತರ ಕೊನೆಯ 2 ಮೀಟರ್ ದಾರವನ್ನು ಉಗುರ ಸಂದಿಯಲ್ಲಿ ಎಳೆದು ನೋಡಿ, ಎಲ್ಲಾದರೂ ಗರಗರ ತಾಗಿದರೆ ಅಷ್ಟನ್ನೂ ಕತ್ತರಿಸಬೇಕು. ಈ ಒಂದು ರೂಢಿ ಉಳಿಸುವಷ್ಟು ಮೀನನ್ನು ದುಬಾರಿ ದಾರವೂ ಉಳಿಸದು.

ಭಾರಕ್ಕೆ ಸೀಸ ಬಿಟ್ಟಾಗಿದೆ. ಮಕ್ಕಳು ಅದನ್ನು ಮುಟ್ಟಿದ ಕೈಯಲ್ಲೇ ಬುತ್ತಿ ಬಿಚ್ಚುತ್ತಾರೆ, ಸೀಸ ವಿಷ. ಬದಲಿಗೆ ಕಟ್ಟಡ ಕೆಲಸದಲ್ಲಿ ಉಳಿದ 8 ಮಿ.ಮೀ. ಸರಳು. ಅದರ ತೂಕ ಮೀಟರಿಗೆ 395 ಗ್ರಾಂ, ಆದ್ದರಿಂದ 16 ಸೆಂ.ಮೀ. ತುಂಡು 63 ಗ್ರಾಂ ಆಗುತ್ತದೆ. ನಿಂತ ನೀರಿಗೆ 10 ಸೆಂ.ಮೀ., ಅಂದರೆ 40 ಗ್ರಾಂ ಸಾಕು. ಒಂದು ತುದಿಯನ್ನು ಕೊಂಡಿಯಾಗಿ ಮಣಿಸಿ, ನಡುವೆ ಮೊಣಕೈಯಂತೆ ಬಾಗಿಸಬೇಕು. ನೇರ ಸರಳು ಸೆಳವಿನಲ್ಲಿ ಉರುಳುತ್ತದೆ, ಬಾಗಿದ್ದು ತಳ ಕಚ್ಚುತ್ತದೆ.

ಈ ಭಾರವನ್ನು ದಾರಕ್ಕೆ ಬಿಗಿಯದೆ ಸಣ್ಣ ಉಂಗುರದಲ್ಲಿ ಜಾರುವಂತೆ ಬಿಡಬೇಕು. ಉಂಗುರಕ್ಕೂ ಸರಳಿಗೂ ನಡುವೆ 0.25 ಮಿ.ಮೀ. ತೆಳು ದಾರ 15 ಸೆಂ.ಮೀ. ಸಂದಿಯಲ್ಲಿ ಸಿಕ್ಕಿಕೊಂಡರೆ ಆ ತೆಳು ದಾರ ಹರಿದು ಸರಳು ಮಾತ್ರ ಹೋಗುತ್ತದೆ, ಮೀನು ಉಳಿಯುತ್ತದೆ. ಉಂಗುರ ಬಂದು ಬಡಿಯುವ ಕಡೆ, ಸ್ವಿವೆಲ್ (ತಿರುಗುವ ಕೊಂಡಿ) ಮೇಲೆ, ಒಂದು ರಬ್ಬರ್ ಮಣಿ. ಅದಿಲ್ಲದಿದ್ದರೆ ಏಟು ನೇರ ಗಂಟಿಗೆ ಬೀಳುತ್ತದೆ.

ಕೆನಡಾದ ಫ್ರೇಸರ್ ನದಿ ದಂಡೆಯಲ್ಲಿ ಸ್ಟರ್ಜನ್ ಹಿಡಿಯುವವರದ್ದೂ ಇದೇ ಜಾರು ಭಾರದ ಕಟ್ಟು. ಬೆಳೆದ ಸ್ಟರ್ಜನ್‌ಗೆ ಹಲ್ಲಿಲ್ಲ, ಹಾಗಾಗಿ ಗಾಳದ ಹಿಂದೆ ಮೆತ್ತನೆಯ ಹೆಣೆದ ದಾರ ನಡೆಯುತ್ತದೆ. ಬಾಳೆಯ ದವಡೆ ತುಂಬ ಸಣ್ಣ ಮೊನಚು ಹಲ್ಲು. ಅದೇ ದಾರ ಹಾಕಿದರೆ ತೀಡಿ ತುಂಡಾಗುತ್ತದೆ. ಇಲ್ಲಿ 0.80 ಮಿ.ಮೀ. ತಂಗೂಸಿ ಅಥವಾ ಹೆಣೆದ ಉಕ್ಕಿನ ತಂತಿ, 50 ಸೆಂ.ಮೀ., ಬೇಕೇ ಬೇಕು.

ಶಿವರಾತ್ರಿ: ಗಾಳ, ಎರೆ, ಮಕ್ಕಳ ಪಾಲು

ಗಾಳ 5/0 ಅಥವಾ 6/0 ಸರ್ಕಲ್. ಇದರ ಮೊನೆ ಒಳಮುಖ ಬಾಗಿರುವುದರಿಂದ ಮೀನು ಎರೆ ಕಚ್ಚಿ ತಿರುಗಿ ಹೊರಟಾಗ ದವಡೆಯ ಮೂಲೆಗೆ ತಾನಾಗಿ ಕೂರುತ್ತದೆ. ರಾಡಿಗೆ ಕಟ್ಟಿದ ಗಂಟೆ ಕೇಳಿ ಜಗ್ಗಿದರೆ ಬಾಯಿಂದ ಜಾರಿ ಹೊರಗೆ ಬರುತ್ತದೆ. ದೊಡ್ಡವರಿಗೆ ತಾಳ್ಮೆ ಇದ್ದರೂ ಮಕ್ಕಳಿಗೆ ಪ್ರತಿ ಸಲ ಹೇಳಬೇಕು: "ತಮ್ಮಾ, ಗಂಟಿ ಬಾರಿಸ್ತಂತ ಓಡಿ ಜಗ್ಗಬ್ಯಾಡ. ರಾಡ್ ಪೂರ್ತಿ ಬಾಗೋ ತನಕಾ ತಡಿ, ಆಮ್ಯಾಗ ಸುಮ್ನ ರೀಲ್ ತಿರುವು." ಎರೆ ಗಾಳವನ್ನು ಪೂರ್ತಿ ಮುಚ್ಚಿದರೂ ಕೆಲಸ ಕೆಡುತ್ತದೆ, ಮೊನೆ ಮತ್ತು ಕಾಂಡದ ನಡುವಿನ ಜಾಗ ತೆರೆದಿರಬೇಕು.

ಬಾಳೆ ಬೇಟೆಗಾರ ಮೀನು, ಹೊತ್ತು ಇಳಿದ ಮೇಲೆ ಚುರುಕು. ಕೈ ಬೆರಳುದ್ದದ ಮೀನೇ ಒಳ್ಳೆಯ ಎರೆ, ಕೋಳಿ ಕರುಳು ಎರಡನೆಯದು. ಕರುಳನ್ನು ಹೊಲಿಗೆ ದಾರದಿಂದ ಹತ್ತು ಸುತ್ತು ಕಟ್ಟದಿದ್ದರೆ ಎಸೆಯುವಾಗಲೇ ಹಾರಿಹೋಗುತ್ತದೆ. ತಳದಲ್ಲಿ ಏಡಿ, ಆಮೆ ಎರೆ ಕಿತ್ತು ತಿಂದರೆ ಹಳೆ ಚಪ್ಪಲಿ ರಬ್ಬರಿನ ತುಂಡನ್ನು ಗಾಳದ ಹಿಂದೆ ಪೋಣಿಸಿ. ಎರೆ ತಳದಿಂದ ಒಂದು ಗೇಣು ಮೇಲೆ ತೇಲಿ ನಿಲ್ಲುತ್ತದೆ, ಬಾಳೆಗೆ ಬೇಗ ಕಾಣುತ್ತದೆ.

ಸಣ್ಣ ಮೀನು ಒದಗಿಸುವುದು ಮಕ್ಕಳ ಕೆಲಸ, ಅದಕ್ಕೆ ಬಿದಿರು ಕೋಲು, ಜೋಳದ ದಂಟಿನ ಬೆಂಡು, 14ನೇ ನಂಬರಿನ ಗಾಳ. ಗಾಳದ ಮುಳ್ಳನ್ನು ಪಕ್ಕಡ್‌ನಿಂದ ಒತ್ತಿ ಮಡಚಿಡಿ, ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬರುತ್ತದೆ. ಹಿಟ್ಟಿನ ಎರೆಯಲ್ಲಿ ಬರೀ ಜೋಳದ ಹಿಟ್ಟು ನಿಲ್ಲುವುದಿಲ್ಲ, ಅದರಲ್ಲಿ ಗೋಧಿಯ ಜಿಗುಟಿಲ್ಲ. ರೊಟ್ಟಿಗೆ ಹಾಕುವಂತೆ ಕುದಿವ ಎಸರು ಹಾಕಿ ಎರಡು ಪಾಲು ಜೋಳದ ಹಿಟ್ಟು ನಾದಿ, ಆರಿದ ಮೇಲೆ ಒಂದು ಪಾಲು ಗೋಧಿ ಹಿಟ್ಟು, ಒಂದು ಹಿಡಿ ಶೇಂಗಾ ಹಿಂಡಿ ಪುಡಿ ಸೇರಿಸಿ ಮತ್ತೆ ನಾದಬೇಕು. ಕಿವಿಯ ಹಾಲೆಯಷ್ಟು ಮೆತ್ತಗಾದಾಗ ಸರಿ. ಕಡಲೆ ಕಾಳಿನಷ್ಟು ಉಂಡೆ ಸಾಕು.

ಈ ಕೋಲಿಗೆ ಕೆಲವು ಸಲ ಚೇಳು ಮೀನು ಬೀಳುತ್ತದೆ. ಅದನ್ನು ಮಕ್ಕಳು ಮುಟ್ಟಕೂಡದು. ಎದೆಯ ಎರಡೂ ಬದಿಯ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದಾಗ ಉರಿ ಇಳಿಯುತ್ತದೆ. ಬಿಸಿಯನ್ನು ಮೊದಲು ದೊಡ್ಡವರು ತಮ್ಮ ಕೈಯಲ್ಲಿ ನೋಡಬೇಕು, ಆಮೇಲೆ ದವಾಖಾನೆಗೆ ಹೋಗಬೇಕು.

ಯುಗಾದಿ ಈಚೆ: ಬಿಸಿಲು ಮತ್ತು ನೀರು

ಬಾಳೆಗೆ ಹುರುಪೆ ಇಲ್ಲ, ಮೈಮೇಲಿನ ಲೋಳೆಯೇ ಅದರ ರಕ್ಷೆ. ಏಪ್ರಿಲ್ ಬಿಸಿಲಿಗೆ ಕಾದ ಫರ್ಸಿ ಮೇಲೆ ಇಟ್ಟರೆ ಲೋಳೆ ಅಲ್ಲೇ ಒಣಗುತ್ತದೆ. ಒದ್ದೆ ತಾಡಪತ್ರಿ ಮೊದಲೇ ಹಾಸಿಟ್ಟು, ಕೈ ನೆನೆಸಿ, ಉದ್ದ ಮೂತಿಯ ಪಕ್ಕಡ್‌ನಿಂದ ಗಾಳ ಬಿಡಿಸಬೇಕು. ಕಿವಿರಿಗೆ ಬೆರಳು ಹಾಕಿ ತೂಗುವುದು ಬೇಡ. ಬಿಡುವಾಗ ತಲೆ ಸೆಳವಿನ ಎದುರಿಗೆ ಹಿಡಿದು, ತಾನೇ ಬಾಲ ಬಡಿದು ಹೋಗುವ ತನಕ ಕಾಯಬೇಕು.

ದೊಡ್ಡದನ್ನು ಬಿಡಲೇಬೇಕು. ವಲ್ಲಾಗೋ ಅಟ್ಟು ಎಂಬ ಈ ಜಾತಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಅಪಾಯಕ್ಕೆ ಸಿಕ್ಕ ಜಾತಿಗಳ ಸಾಲಿನಲ್ಲಿದೆ. ಮುಂಗಾರಿನ ಹೊಸ ನೀರಿಗೆ ಮೊಟ್ಟೆ ಇಡುವ ಹೆಣ್ಣು ಈಗಲೇ ಹೊಟ್ಟೆ ತುಂಬಿಕೊಂಡಿರುತ್ತದೆ. ಸಾರಿಗೆ ಕೆರೆಯ ಕಾಟ್ಲಾ, ರೋಹು, ಜಿಲೇಬಿ ಇವೆಯಲ್ಲ.

ನೀರಿನ ಅಂಚಿಗೆ ಸೆಂಟಿಮೀಟರ್ ಗುರುತಿನ ಕೋಲು ನಿಲ್ಲಿಸುವುದು ಮೊದಲ ಕೆಲಸ. 10 ಸೆಂ.ಮೀ. ಏರಿದರೆ ಮೀನು ಸಿಕ್ಕಿದ್ದರೂ ಗಂಟುಮೂಟೆ ಕಟ್ಟಬೇಕು. ಮೇಲಿನ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದಲೋ ಸೊನ್ನ ಬ್ಯಾರೇಜಿನಿಂದಲೋ ನೀರು ಬಿಟ್ಟರೆ ಇಲ್ಲಿ ಒಂದು ಹನಿ ಮಳೆ ಇಲ್ಲದೆಯೂ ಹೊಳೆ ಏರುತ್ತದೆ. 2020ರ ಅಕ್ಟೋಬರ್ ಪ್ರವಾಹ ಕಂಡ ಊರುಗಳಿಗೆ ಇದನ್ನು ಹೇಳಬೇಕಿಲ್ಲ. ಮರಳು ತೆಗೆದ ಗುಂಡಿಗಳಿರುವ ಕಡೆ ಮೊಣಕಾಲು ನೀರು ಮುಂದಿನ ಹೆಜ್ಜೆಗೇ ಆಳು ಮುಳುಗುವಷ್ಟಾಗುತ್ತದೆ. ಮಕ್ಕಳ ಕೋಲು ಅಂಚಿನಿಂದ 3 ಮೀಟರ್ ಹಿಂದೆ, ಎರೆ ಮಣ್ಣಿನ ಕೊರೆದ ದಂಡೆ ಇಲ್ಲದ ಜಾಗದಲ್ಲಿರಲಿ. ಆಯಾ ಭಾಗದ ಮೀನು ಹಕ್ಕು ಯಾರದು, ಲೈಸೆನ್ಸು ಬೇಕೇ ಎಂಬುದನ್ನು ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ಹೊರಡಬೇಕು.

ಉಳಿದ ಕೆಲಸ: ಗಂಟೆ ಗಾಳಿಗೂ ತೇಲಿಬರುವ ಅಂತರಗಂಗೆಗೂ ಸುಮ್ಮಸುಮ್ಮನೆ ಬಾರಿಸುತ್ತದೆ. ರಾಡು ಇನ್ನಷ್ಟು ಎತ್ತಿ ನಿಲ್ಲಿಸಿದರೆ ದಾರ ನೀರಿಗೆ ತಾಗುವುದು ಕಡಿಮೆಯಾಗುತ್ತದೆ, ಆದರೆ ಸ್ಟ್ಯಾಂಡಿನ ಮೇಲೆ ಎಳೆತ ಹೆಚ್ಚುತ್ತದೆ. ಮುಂದಿನ ಕಾಲನ್ನು 90 ಸೆಂ.ಮೀ.ಗೆ ಉದ್ದ ಮಾಡಿ ನೋಡುವುದಿದೆ. ಮಿರಗದ ಮಳೆ ಬೀಳುವಷ್ಟರಲ್ಲಿ ಗಾಳ ಒರೆಸಿ ಎಣ್ಣೆ ಹಚ್ಚಿ ಎತ್ತಿಡುವುದು, ಬೆಸುಗೆ ಕೆಲಸ ಆ ಬಿಡುವಿನಲ್ಲಿ.