ಪರ್ಮಿಟ್ ಕಾರ್ಡ್ ಹೋಯ್ತು, ಕಂಪನಿಗಳು ಯಾವಾಗ ಬದಲಾಗೋದು?

ಹೊರದೇಶದವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಕಂಪನಿಗಳು ಇಷ್ಟು ವರ್ಷ ಮಾಡುತ್ತಿದ್ದದ್ದು ತುಂಬಾ ಸರಳ. ಆ ದೇಶದಲ್ಲಿ ಕೆಲಸ ಮಾಡಲು ಅನುಮತಿ ಇದೆ ಅಂತ ತೋರಿಸುವ ಪರ್ಮಿಟ್ ಕಾರ್ಡ್ ತರಿಸಿಕೊಳ್ಳುವುದು, ಎರಡೂ ಕಡೆ ಜೆರಾಕ್ಸ್ ಮಾಡಿ ಫೈಲಿಗೆ ಹಾಕುವುದು, ಅಲ್ಲಿಗೆ ಮುಗಿಯಿತು. ಈಗ ಒಂದೊಂದೇ ದೇಶ ಆ ಕಾರ್ಡನ್ನೇ ತೆಗೆದುಹಾಕಿ ಅನುಮತಿಯನ್ನು ಆನ್‌ಲೈನ್ ದಾಖಲೆ ಮಾಡುತ್ತಿದೆ, ಆದರೆ ಎಷ್ಟೋ ಎಚ್‌ಆರ್ ವಿಭಾಗಗಳು ಇನ್ನೂ ಜೆರಾಕ್ಸ್ ಕಾಲದಲ್ಲೇ ನಿಂತಿವೆ. ಕಾರ್ಡ್ ಕೊಡಿ ಅಂತ ಕೇಳುತ್ತಾರೆ. ಕಾರ್ಡ್ ಇಲ್ಲ ಅಂದರೆ ಅನುಮಾನದಿಂದ ನೋಡುತ್ತಾರೆ. ಎಲ್ಲಾ ಸರಿಯಾಗಿ ಮಾಡಿಕೊಂಡು ಬಂದ ಮನುಷ್ಯ ಸುಮ್ನೆ ತಪ್ಪಿತಸ್ಥನ ಹಾಗೆ ನಿಲ್ಲಬೇಕಾಗುತ್ತದೆ. ಈ ಪೋಸ್ಟ್ ಬರೆಯುತ್ತಿರುವುದೇ ಅದಕ್ಕಾಗಿ.

ಇದೇನೂ ನಿನ್ನೆ ಮೊನ್ನೆ ಶುರುವಾದದ್ದಲ್ಲ. ಆಸ್ಟ್ರೇಲಿಯಾ 2015ರ ಸೆಪ್ಟೆಂಬರ್‌ನಲ್ಲೇ ಪಾಸ್‌ಪೋರ್ಟಿಗೆ ವೀಸಾ ಲೇಬಲ್ ಅಂಟಿಸುವುದನ್ನು ನಿಲ್ಲಿಸಿತು. ಅಲ್ಲಿ ‘ವೀವೋ’ ಅನ್ನುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಇದೆ, ಕೆಲಸಗಾರನ ಒಪ್ಪಿಗೆ ಪಡೆದು ಕಂಪನಿಯೇ ಅವನ ಅನುಮತಿಯನ್ನು ಅದರಲ್ಲಿ ನೋಡಬಹುದು. ಬ್ರಿಟನ್‌ನಲ್ಲಿ 2022ರ ಏಪ್ರಿಲ್ 6ರಿಂದ ಬಯೋಮೆಟ್ರಿಕ್ ಕಾರ್ಡನ್ನು, ಅಂದರೆ ಅಲ್ಲಿನ ಪರ್ಮಿಟ್ ಕಾರ್ಡನ್ನು, ಕೈಯಲ್ಲಿ ಹಿಡಿದು ನೋಡಿ ಕೆಲಸ ಕೊಡುವ ಹಾಗಿಲ್ಲ. ಆಮೇಲೆ ಆ ಕಾರ್ಡುಗಳೇ ಹೋದವು. ವೀಸಾ ಇನ್ನೂ ಎರಡು ಮೂರು ವರ್ಷ ಇದ್ದವರ ಕಾರ್ಡಿನ ಮೇಲೂ 2024ರ ಡಿಸೆಂಬರ್ 31 ಅಂತಲೇ ಕೊನೆಯ ತಾರೀಖು ಅಚ್ಚಾಗಿತ್ತು. ಕಾರ್ಡಿನ ಆಯಸ್ಸು ಬೇರೆ, ಅನುಮತಿಯ ಆಯಸ್ಸು ಬೇರೆ. ಇದು ಗೊತ್ತಿಲ್ಲದ ಮ್ಯಾನೇಜರ್ ಆ ತಾರೀಖು ನೋಡಿ ‘ನಿನ್ನ ವೀಸಾ ಮುಗೀತಲ್ಲ’ ಅಂದರೆ ಎದುರಿಗಿರುವವನ ಗತಿ ಏನು?

ಹಾಗಾದರೆ ಏನು ಬದಲಾಗಬೇಕು? ಮೊದಲನೆಯದು, ಪಿಡಿಎಫ್ ಮತ್ತು ಸ್ಕ್ರೀನ್‌ಶಾಟ್ ನಂಬುವುದನ್ನು ಬಿಡಬೇಕು. ಕಾರ್ಡಿನ ಜೆರಾಕ್ಸ್ ಜಾಗಕ್ಕೆ ವಾಟ್ಸಾಪ್‌ನಲ್ಲಿ ಬಂದ ಸ್ಕ್ರೀನ್‌ಶಾಟ್ ತಂದು ಇಟ್ಟುಕೊಂಡರೆ ಅದು ಡಿಜಿಟಲ್ ಆಗುವುದಿಲ್ಲ, ಅದನ್ನು ಯಾರು ಬೇಕಾದರೂ ತಿದ್ದಬಹುದು. ಅಸಲಿ ದಾಖಲೆ ಸರ್ಕಾರದ ಸರ್ವರ್‌ನಲ್ಲಿದೆ. ಅದನ್ನು ಕಂಪನಿಯವರೇ, ತಮ್ಮ ಕಂಪ್ಯೂಟರ್‌ನಲ್ಲಿ, ಸರ್ಕಾರದ ವೆಬ್‌ಸೈಟಿಗೆ ಹೋಗಿ ನೋಡಬೇಕು. ಬ್ರಿಟನ್‌ನಲ್ಲಿ ಕೆಲಸಗಾರ ಸರ್ಕಾರದ ವೆಬ್‌ಸೈಟಿನಿಂದ ತೆಗೆದ ಒಂದು ಶೇರ್ ಕೋಡ್ ಕೊಡುತ್ತಾನೆ. ಕೆಲಸಕ್ಕೆಂದು ತೆಗೆದ ಕೋಡ್ ಡಬ್ಲ್ಯೂ ಅಕ್ಷರದಿಂದ ಶುರುವಾಗುತ್ತದೆ, 90 ದಿನ ನಡೆಯುತ್ತದೆ. ಆ ಕೋಡ್ ಮತ್ತು ಹುಟ್ಟಿದ ತಾರೀಖು ಹಾಕಿದರೆ ಫೋಟೋ, ಯಾವ ಕೆಲಸಕ್ಕೆ ಅನುಮತಿ, ಎಲ್ಲಿಯವರೆಗೆ ಅನ್ನುವುದೆಲ್ಲ ಬರುತ್ತದೆ. ಫೋಟೋದಲ್ಲಿರುವವರೇ ಎದುರಿಗಿದ್ದಾರಾ ಅಂತ ನೋಡಬೇಕು, ಆ ಪುಟವನ್ನು ತಾರೀಖಿನ ಸಮೇತ ಉಳಿಸಿಕೊಳ್ಳಬೇಕು, ಕೆಲಸ ಬಿಟ್ಟ ಮೇಲೂ ಎರಡು ವರ್ಷ ಇಟ್ಟುಕೊಳ್ಳಬೇಕು. ಇಷ್ಟಕ್ಕೆ ಜಾಸ್ತಿ ಸಮಯವೇನೂ ಬೇಡ. ಮಾಡದೆ ಹೋಗಿ, ಆಮೇಲೆ ಅನುಮತಿ ಇಲ್ಲದವರು ಸಿಕ್ಕಿಬಿದ್ದರೆ ದಂಡ ಮಾತ್ರ ಸಣ್ಣದಲ್ಲ: 2024ರ ಫೆಬ್ರವರಿಯಿಂದ ಕಂಪನಿಗೆ ಮೊದಲ ಸಲಕ್ಕೆ ಒಬ್ಬೊಬ್ಬ ಕೆಲಸಗಾರನ ಲೆಕ್ಕದಲ್ಲಿ 45,000 ಪೌಂಡ್‌ವರೆಗೆ, ಮತ್ತೆ ಸಿಕ್ಕಿಬಿದ್ದರೆ 60,000 ಪೌಂಡ್‌ವರೆಗೆ.

ದಂಡದ ಭಯ ಇದ್ದಾಗ ಕಂಪನಿಗಳು ಇನ್ನೊಂದು ಅತಿಗೆ ಹೋಗುತ್ತವೆ. ಬಣ್ಣ ನೋಡಿ, ಹೆಸರು ನೋಡಿ ಕೆಲವರನ್ನು ಮಾತ್ರ ಚೆಕ್ ಮಾಡುವುದು, ಅಥವಾ ರಗಳೆಯೇ ಬೇಡ ಅಂತ ಹೊರದೇಶದವರ ಅರ್ಜಿಯನ್ನೇ ಪಕ್ಕಕ್ಕಿಡುವುದು. ಇದು ಅನ್ಯಾಯ, ಬಹಳ ಕಡೆ ಕಾನೂನಿಗೂ ವಿರುದ್ಧ. ಎಲ್ಲರಿಗೂ ಒಂದೇ ಹಂತದಲ್ಲಿ, ಒಂದೇ ರೀತಿಯಲ್ಲಿ ಚೆಕ್ ಮಾಡಿ. ಅದಕ್ಕಿಂತ ಸುಲಭದ ದಾರಿ ಇಲ್ಲ.

ತಾರೀಖಿನ ವಿಷಯ. ಅನುಮತಿ ಮುಗಿಯುವ ದಿನ ಒಬ್ಬ ಎಚ್‌ಆರ್ ಸಿಬ್ಬಂದಿಯ ತಲೆಯಲ್ಲಿ ಮಾತ್ರ ಇದ್ದರೆ, ಅವರು ರಜೆ ಹೋದರೆ ಕಥೆ ಮುಗಿಯಿತು. ಕ್ಯಾಲೆಂಡರ್‌ಗೆ ಹಾಕಿ, ಇಬ್ಬರಿಗೆ ನೆನಪೋಲೆ ಹೋಗಲಿ, ಮೂರ್ನಾಲ್ಕು ತಿಂಗಳು ಮೊದಲೇ ಆ ಕೆಲಸಗಾರರ ಜೊತೆ ಕೂತು ಮಾತಾಡಿ. ಇನ್ನೊಂದು ಮಾತು, ಅನುಮತಿ ಅಂದರೆ ಹೌದು ಅಥವಾ ಇಲ್ಲ ಅಷ್ಟೇ ಅಲ್ಲ, ಅದರೊಳಗೆ ಷರತ್ತು ಇರುತ್ತದೆ. ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿ ವೀಸಾ ಇರುವವರು ತರಗತಿ ನಡೆಯುವಾಗ 14 ದಿನಕ್ಕೆ 48 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಎಚ್‌ಆರ್‌ಗೆ ಇದು ಗೊತ್ತಿದ್ದು, ಶಿಫ್ಟ್ ಹಾಕುವ ಸೂಪರ್‌ವೈಸರ್‌ಗೆ ಗೊತ್ತಿಲ್ಲದಿದ್ದರೆ ಏನು ಪ್ರಯೋಜನ? ಹೆಚ್ಚು ಶಿಫ್ಟ್ ಹಾಕುವವರು ಅವರು, ವೀಸಾ ಕಳೆದುಕೊಳ್ಳುವ ಅಪಾಯ ಆ ಹುಡುಗ ಹುಡುಗಿಯರಿಗೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿ. ಕೆಲಸಗಾರರ ಪಾಸ್‌ಪೋರ್ಟ್ ತೆಗೆದು ಮಾಲೀಕರ ಕಪಾಟಿನಲ್ಲಿ ಬೀಗ ಹಾಕಿಡುವ ಅಭ್ಯಾಸ ಜಗತ್ತಿನ ಹಲವು ಕಡೆ ಇದೆ. ಗುರುತಿನ ದಾಖಲೆ ಹೀಗೆ ಹಿಡಿದಿಟ್ಟುಕೊಳ್ಳುವುದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಯ 11 ಲಕ್ಷಣಗಳಲ್ಲಿ ಒಂದು ಅಂತ ಪಟ್ಟಿ ಮಾಡಿದೆ. ಈಗ ಪರ್ಮಿಟ್ ಡಿಜಿಟಲ್ ಆದ ಮೇಲೆ ಬೀಗ ಹಾಕಲು ಕಾಗದ ಇಲ್ಲ, ನಿಜ. ಆದರೆ ಪಾಸ್‌ವರ್ಡ್ ಇದೆ. ಏಜೆಂಟರು ಅಥವಾ ಕಂಪನಿಯವರು ತಮ್ಮ ಇಮೇಲ್, ತಮ್ಮ ಫೋನ್ ನಂಬರ್ ಕೊಟ್ಟು ಸರ್ಕಾರದ ವೆಬ್‌ಸೈಟಿನಲ್ಲಿ ಕೆಲಸಗಾರನ ಪರ್ಮಿಟ್ ಖಾತೆ ತೆರೆದುಬಿಟ್ಟರೆ ಒಟಿಪಿ ಹೋಗುವುದು ಅವರಿಗೆ. ತನ್ನ ಅನುಮತಿ ಎಲ್ಲಿಯವರೆಗೆ ಇದೆ, ಬೇರೆ ಕಡೆ ಸೇರಬಹುದಾ ಅಂತ ನೋಡಿಕೊಳ್ಳಲೂ ಆ ಮನುಷ್ಯ ಇನ್ನೊಬ್ಬರನ್ನು ಬೇಡಬೇಕು. ಇದೂ ಕಪಾಟಿನ ಬೀಗವೇ, ಅಲ್ವಾ? ಸಹಾಯ ಮಾಡಲೇಬೇಕು, ಸ್ಮಾರ್ಟ್‌ಫೋನ್ ಸರಿಯಾಗಿ ಬಳಸಲು ಬಾರದವರು, ಅಲ್ಲಿನ ಭಾಷೆ ಓದಲು ಬಾರದವರು ತುಂಬಾ ಜನ ಇದ್ದಾರೆ. ಆದರೆ ಖಾತೆ ಅವರ ಇಮೇಲ್‌ನಲ್ಲಿ, ಅವರ ನಂಬರ್‌ನಲ್ಲಿ ಇರಲಿ, ಪಾಸ್‌ವರ್ಡ್ ಅವರೇ ಟೈಪ್ ಮಾಡಲಿ. ಪಕ್ಕದಲ್ಲಿ ಕೂತು ತೋರಿಸಿಕೊಡಿ, ಅಷ್ಟು ಸಾಕು. ಹಳೇ ಖಾತೆಗಳಲ್ಲಿ ಕಂಪನಿಯ ಇಮೇಲ್ ಇದ್ದರೆ ಈಗಲೇ ಬದಲಾಯಿಸಿಕೊಡಿ. ನಾಳೆ ಕೆಲಸ ಬಿಟ್ಟ ದಿನವೇ ಆ ಇಮೇಲ್ ಬಂದ್ ಆಗುತ್ತದೆ, ಪರ್ಮಿಟ್ ಖಾತೆಗೂ ದಾರಿ ಮುಚ್ಚುತ್ತದೆ.

ಸರ್ವರ್ ಕೈಕೊಡುವ ದಿನವೂ ಬರುತ್ತದೆ. ಕೋಡ್ ಒಪ್ಪುವುದಿಲ್ಲ, ಫೋಟೋ ಬೇರೆಯವರದ್ದು ಬರುತ್ತದೆ, ನವೀಕರಣದ ಅರ್ಜಿ ಇನ್ನೂ ಬಾಕಿ ಇದೆ ಅಂತ ತೋರಿಸುತ್ತದೆ. ಆಗ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟುಕೊಂಡಿರಬೇಕು. ಬ್ರಿಟನ್‌ನಲ್ಲಿ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದವರಿಗೆ ತೀರ್ಮಾನ ಬರುವವರೆಗೆ ಹಳೆಯ ಹಕ್ಕು ಮುಂದುವರಿಯುತ್ತದೆ. ಕಂಪನಿ ಸರ್ಕಾರದ ಎಂಪ್ಲಾಯರ್ ಚೆಕಿಂಗ್ ಸರ್ವಿಸ್‌ಗೆ ಕೇಳಿದರೆ ಆರು ತಿಂಗಳು ನಡೆಯುವ ಒಂದು ದೃಢೀಕರಣ ಸಿಗುತ್ತದೆ. ಇದು ಗೊತ್ತಿಲ್ಲದೆ, ಪರದೆ ಮೇಲೆ ಹಸಿರು ಟಿಕ್ ಬರಲಿಲ್ಲ ಅಂತ ಒಬ್ಬರ ಸಂಬಳ ನಿಲ್ಲಿಸಿದರೆ ಅವರ ಬಾಡಿಗೆ ಯಾರು ಕಟ್ಟುತ್ತಾರೆ? ವಿಚಾರಿಸಿ ಮುಗಿಸುವವರೆಗೆ ಕೆಲಸದಿಂದ ತೆಗೆಯಬೇಡಿ. ಯಾವ ಇಲಾಖೆಗೆ ಬರೆದಿದ್ದೀರಿ, ಯಾವಾಗ ಬರೆದಿದ್ದೀರಿ ಅನ್ನುವುದನ್ನು ಅವರಿಗೂ ತಿಳಿಸಿ.

ಸಣ್ಣ ಕಂಪನಿಗಳಿಗೆ ಇದಕ್ಕೆಲ್ಲ ದುಬಾರಿ ಸಾಫ್ಟ್‌ವೇರ್ ಬೇಡ. ಒಂದು ಎಕ್ಸೆಲ್ ಶೀಟ್, ಅದಕ್ಕೆ ಪಾಸ್‌ವರ್ಡ್, ಅದನ್ನು ನೋಡುವ ಹಕ್ಕು ಇಬ್ಬರಿಗೆ ಮಾತ್ರ. ಸಾಕು.

ಮರೆತುಹೋಗುವ ಇನ್ನೊಂದು ವಿಷಯ ಪಾಸ್‌ಪೋರ್ಟ್ ನವೀಕರಣ. ಹೊಸ ಪಾಸ್‌ಪೋರ್ಟ್ ಬಂದಾಗ ಅದರ ನಂಬರನ್ನು ಡಿಜಿಟಲ್ ಖಾತೆಗೆ ಸೇರಿಸದಿದ್ದರೆ, ಊರಿಗೆ ಹೋಗಿ ವಾಪಸ್ ಬರುವಾಗ ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ಅನುಮತಿ ಕಾಣಿಸದೆ ಸಿಕ್ಕಿಹಾಕಿಕೊಳ್ಳಬಹುದು. ಹೊರದೇಶದ ಸಿಬ್ಬಂದಿಗೆ ರಜೆ ಮಂಜೂರು ಮಾಡುವ ಮೇಲ್‌ನಲ್ಲೇ ‘ಖಾತೆಯಲ್ಲಿ ಪಾಸ್‌ಪೋರ್ಟ್ ನಂಬರ್ ಸರಿ ಇದೆಯಾ ನೋಡಿಕೊಳ್ಳಿ’ ಅಂತ ಒಂದು ಸಾಲು ಸೇರಿಸಿಬಿಡಿ.