ಬಾಸ್ ಗಿಟಾರಿಗೆ ಯಾರೂ ಇರಲಿಲ್ಲ

ಅಕ್ಕನ ಮಗ ಹನ್ನೊಂದನೇ ತರಗತಿಗೆ, ಅಂದರೆ ಪ್ಲಸ್ ವನ್‌ಗೆ ಸೇರಿದ ವರ್ಷ ಬಾಸ್ ಗಿಟಾರ್ ಬೇಕು ಅಂತ ಹಟ ಹಿಡಿದ. ಬರೀ ಗಿಟಾರ್ ಅಂದಿದ್ದರೆ ಅಕ್ಕ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆ ಈಗ ಗಿಟಾರ್ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವ ಮಕ್ಕಳನ್ನು ಯಾರೂ ತಿರುಗಿ ನೋಡುವುದಿಲ್ಲ. ಇದು ಎಂತದು ಈ ಬಾಸ್ ಅಂತ ಅವಳು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದಳು. ನೋಡಿ ನನಗೆ ಫೋನ್ ಮಾಡಿದಳು.

"ಬೆರಳು ಆಡುವುದು ಮಾತ್ರ ಕಾಣ್ತದೆ. ಶಬ್ದ ಎಂತದೂ ಇಲ್ಲ. ಇದಕ್ಕೆ ಹದಿನೈದು ಸಾವಿರವಾ? ಅವನ ಹತ್ರ ನೀನೇ ಮಾತಾಡು."

ಮಾತಾಡಿದೆ. ಯಾರೋ ದೊಡ್ಡ ಕಲಾವಿದರ ಹೆಸರು ಹೇಳುತ್ತಾನೆ ಅಂದುಕೊಂಡಿದ್ದೆ. ಮುಂಬೈಯ ಮೋಹಿನಿ ಡೇ ಅವರ ವಿಡಿಯೊಗಳನ್ನು ಅವನು ನೋಡುತ್ತಾನೆ ಅಂತ ನನಗೆ ಗೊತ್ತಿತ್ತು. ಆಕೆಗೆ ಅಪ್ಪನೇ ಬಾಸ್ ಗುರು, ಮೂರನೇ ವರ್ಷಕ್ಕೇ ಪಾಠ ಶುರುವಾಗಿತ್ತಂತೆ. ಇವನಿಗೆ ಹದಿನಾರು. ಆದರೆ ಅವನು ಹೇಳಿದ ಕಾರಣ ಬೇರೆ.

"ಮಾವ, ನಮ್ಮ ಶಾಲೆಯಲ್ಲಿ ಗಿಟಾರಿಗೆ ಏಳು ಜನ ಇದ್ದಾರೆ. ಬಾಸಿಗೆ ಯಾರೂ ಇಲ್ಲ. ಕಲಿತರೆ ಶಾಲಾ ಕಲೋತ್ಸವದ ವೃಂದವಾದ್ಯದ ತಂಡಕ್ಕೆ ಸೀದಾ ಸೇರಬಹುದು."

ನನಗೆ ನಗು ಬಂತು. ನಮ್ಮ ಜಿಲ್ಲೆಯಲ್ಲಿ ಸರಕಾರಿ ಕೆಲಸದ ಪಿಎಸ್‌ಸಿ ರ‍್ಯಾಂಕ್ ಲಿಸ್ಟು ನೋಡಿಕೊಂಡೇ ಬೆಳೆದವರು ನಾವು. ಎಲ್ಲಿ ಹುದ್ದೆ ಖಾಲಿ ಉಂಟೋ ಅಲ್ಲಿಗೆ ಅರ್ಜಿ ಹಾಕುವುದು ನಮಗೆ ಹುಟ್ಟಿನಿಂದಲೇ ಬಂದ ಬುದ್ಧಿ. ಸಂಗೀತಕ್ಕೂ ಅದೇ ಲೆಕ್ಕವಾ ಅಂತ ಅವನನ್ನು ಸ್ವಲ್ಪ ತಮಾಷೆ ಮಾಡಿದೆ. ಅವನಿಗೆ ಬೇಜಾರಾಗಲಿಲ್ಲ. "ಪಾಲ್ ಮೆಕಾರ್ಟ್ನಿ ಕೂಡ ಹಾಗೇ" ಅಂದ.

ಅದು ಸುಮ್ನೆ ಬಿಟ್ಟ ಬಾಣ ಅಂದುಕೊಂಡು ರಾತ್ರಿ ಕೂತು ಓದಿದೆ. ನಿಜವೇ. ಬೀಟಲ್ಸ್ ತಂಡದಲ್ಲಿ ಮೊದಲು ಬಾಸ್ ಹಿಡಿದವನು ಸ್ಟುವರ್ಟ್ ಸಟ್‌ಕ್ಲಿಫ್ ಎಂಬ ಚಿತ್ರಕಲಾವಿದ. ಅವನದೊಂದು ಚಿತ್ರ ಮಾರಾಟವಾಗಿ ಕೈಗೆ ದುಡ್ಡು ಬಂತು. ಆ ದುಡ್ಡಿನಲ್ಲಿ ಬಾಸ್ ತಗೋ ಅಂತ ಗೆಳೆಯರೇ ಅವನನ್ನು ಒಪ್ಪಿಸಿದರು. 1961ರಲ್ಲಿ ಅವನು ತಂಡ ಬಿಟ್ಟು ಹ್ಯಾಂಬರ್ಗ್‌ನಲ್ಲೇ ಚಿತ್ರ ಬಿಡಿಸಲು ಉಳಿದುಕೊಂಡ. ಗಿಟಾರ್ ಬಿಟ್ಟು ಬಾಸ್ ಹಿಡಿಯಲು ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ಅದು ಮೆಕಾರ್ಟ್ನಿಯ ಪಾಲಿಗೆ ಬಂತು. ಎಡಗೈಯವನಾದ್ದರಿಂದ ಉಲ್ಟಾ ಹಿಡಿದರೂ ಚೆಂದ ಕಾಣುವಂಥ, ಪಿಟೀಲಿನ ಆಕಾರದ ಹಾಫ್ನರ್ ಬಾಸ್ ಕೊಂಡ. ಮುಂದಿನದು ಎಲ್ಲರಿಗೂ ಗೊತ್ತು.

ಓದುತ್ತಾ ಹೋದ ಹಾಗೆ ಇಂಥವರೇ ಸಿಕ್ಕಿದರು. ಲಾಸ್ ಏಂಜಲೀಸಿನ ಕ್ಯಾರಲ್ ಕೇ ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬಾಸ್‌ನವನು ಬರಲಿಲ್ಲ, ಇವರ ಕೈಗೆ ಕೊಟ್ಟರು. ಆಮೇಲೆ ಸಾವಿರಾರು ಹಾಡುಗಳಿಗೆ ನುಡಿಸಿದರು. ಜಾಕೋ ಪಾಸ್ಟೋರಿಯಸ್ ಹುಡುಗನಾಗಿದ್ದಾಗ ಡ್ರಮ್ಸ್ ಬಾರಿಸುತ್ತಿದ್ದ. ಫುಟ್‌ಬಾಲ್ ಆಡುವಾಗ ಮಣಿಕಟ್ಟಿಗೆ ಪೆಟ್ಟಾಯಿತು. ಅದೇ ಹೊತ್ತಿಗೆ ತಂಡದಲ್ಲಿ ಬಾಸ್ ಖಾಲಿಯಾಯಿತು. ಲ್ಯಾರಿ ಗ್ರಹಾಂ ತಾಯಿಯ ಜೊತೆ ನುಡಿಸುತ್ತಿದ್ದಾಗ ಆರ್ಗನ್ನಿನಲ್ಲಿ ತಗ್ಗಿನ ಸ್ವರ ಕೊಡುವ ಕಾಲುಪಟ್ಟಿ ಕೆಟ್ಟುಹೋಯಿತು, ಬಾಡಿಗೆಗೆ ಬಾಸ್ ತಂದ. ಆಮೇಲೆ ಡ್ರಮ್ಸ್‌ನವನೂ ಇಲ್ಲದಾಗ ಹೆಬ್ಬೆರಳಿನಲ್ಲಿ ತಂತಿಗೆ ಬಡಿದು, ಇನ್ನೊಂದು ಬೆರಳಿನಲ್ಲಿ ಎಳೆದು ಬಿಟ್ಟು ಆ ಕೊರತೆಯನ್ನೂ ತುಂಬಿಸಿದ. ಈಗ ಮಕ್ಕಳು ರೀಲ್ಸಿನಲ್ಲಿ ಬಾಯಿ ಬಿಟ್ಟು ನೋಡುವ ಸ್ಲ್ಯಾಪ್ ಶೈಲಿ ಹುಟ್ಟಿದ್ದು ಹೀಗೆ.

ಹೊಸತು ಬೇಡ, ಮೊದಲು ಹಳೆಯದೊಂದು ನೋಡುವ ಅಂತ ತೀರ್ಮಾನವಾಯಿತು. ಬೇಳದಲ್ಲಿ ಒಬ್ಬರು ಪೊರ್ಬುಗಳು (ಕೊಂಕಣಿ ಕ್ರೈಸ್ತರನ್ನು ನಮ್ಮಲ್ಲಿ ಕರೆಯುವುದು ಹಾಗೆ) ಹಿಂದೆ ಚರ್ಚಿನ ಗಾಯನ ತಂಡದಲ್ಲೂ ಗಾನಮೇಳಗಳಲ್ಲೂ ಬಾಸ್ ನುಡಿಸಿದವರು. ಅವರ ಮನೆಯಲ್ಲಿ ಒಂದು ಉಂಟು, ಕೊಡುವ ಮನಸ್ಸೂ ಉಂಟು ಅಂತ ಸುದ್ದಿ. ಒಂದು ಭಾನುವಾರ ಮಧ್ಯಾಹ್ನ ಹೊರಟೆವು. ಅಪ್ಪ ನಾನೂ ಬರ್ತೇನೆ ಅಂದರು. ಅಪ್ಪ ಯಕ್ಷಗಾನದ ಮದ್ದಳೆಗಾರರು. ಈಗ ಮೇಳದ ತಿರುಗಾಟ ಇಲ್ಲ, ಆದರೂ ಎಲ್ಲಿ ತಾಳಮದ್ದಳೆ ಇದ್ದರೂ ಕರೆ ಬರುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿ ಮೊಮ್ಮಗ ಗಿಟಾರ್ ಹಿಡಿಯುತ್ತಾನಲ್ಲ ಅಂತ ಬೈಯಬಹುದು ಅಂತ ನನ್ನ ಲೆಕ್ಕ. ಅವರು ದಾರಿಯುದ್ದಕ್ಕೂ ಅಡಿಕೆಯ ಕೊಳೆರೋಗದ ಬಗ್ಗೆಯೇ ಮಾತಾಡಿದರು.

ಬೇಳದ ಚರ್ಚು 1890ರದು. ಎತ್ತರದ ಗೋಥಿಕ್ ಕಟ್ಟಡ. ಅದನ್ನು ದಾಟಿ ಸ್ವಲ್ಪ ದೂರದಲ್ಲಿ ಮನೆ. ಪೊರ್ಬುಗಳು ಅಪ್ಪನನ್ನು ನೋಡಿ "ಬನ್ನಿ ಬನ್ನಿ ಭಟ್ರೇ" ಅಂತ ಕೈಹಿಡಿದೇ ಕರೆದುಕೊಂಡು ಹೋದರು. ಇಬ್ಬರಿಗೂ ಹಳೆಯ ಪರಿಚಯ. ಒಬ್ಬರು ಯಕ್ಷಗಾನದ ಆಟ ಮುಗಿಸಿ, ಇನ್ನೊಬ್ಬರು ಗಾನಮೇಳ ಮುಗಿಸಿ, ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತಿದ್ದ ಕಾಲದ್ದು.

ನೀವು ಹೇಗೆ ಬಾಸಿಗೆ ಬಂದಿರಿ ಅಂತ ನಾನು ಕೇಳಿದೆ. ಉತ್ತರ ಕೇಳಿ ಹುಡುಗ ನನ್ನ ಮುಖ ನೋಡಿ ನಕ್ಕ.

"ನಮ್ಮ ಬಾಸಿನವನಿಗೆ ವೀಸಾ ಬಂತು. ದುಬೈಗೆ ಹೋದ. ತಂಡದಲ್ಲಿ ಗಿಟಾರಿಗೆ ಇಬ್ಬರಿದ್ದೆವು. ಕೊನೆಗೆ ಸೇರಿದವ ನಾನು. ನೀನು ಹಿಡಿ ಅಂದರು. ನನಗೆ ಸಿಟ್ಟೇ ಬಂದಿತ್ತು. ನನಗೆ ಎದುರು ನಿಂತು ಲೀಡ್ ಬಾರಿಸಬೇಕಿತ್ತು."

ಗಲ್ಫಿಗೆ ಹೋದವರಿಂದ ಈ ಜಿಲ್ಲೆಯಲ್ಲಿ ಎಷ್ಟು ಮನೆ ಎದ್ದಿದೆ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ತಂಡಗಳಲ್ಲಿ ಎಷ್ಟು ಜಾಗ ಖಾಲಿಯಾಯಿತು, ಅಲ್ಲಿಗೆ ಯಾರು ಬಂದು ಕೂತರು ಅಂತ ಯಾರೂ ಬರೆದಿಟ್ಟಿಲ್ಲ.

ಪೊರ್ಬುಗಳು ಒಳಗಿನಿಂದ ಬಾಸ್ ತಂದರು. ಉದ್ದ ಕುತ್ತಿಗೆ, ನಾಲ್ಕೇ ತಂತಿ. ಸಾಮಾನ್ಯ ಗಿಟಾರಿನಲ್ಲಿ ತಂತಿ ಮಿಡಿಯುವ ಉದ್ದ ಸುಮಾರು 25 ಇಂಚು, ಇದರಲ್ಲಿ 34. ಹುಡುಗ ಹೆಗಲಿಗೆ ಹಾಕಿದವನೇ ಒಂದು ಬದಿಗೆ ವಾಲಿದ. ನಾಲ್ಕು ಕೆಜಿಯಾದರೂ ಇದ್ದೀತು. ಇದೇ ಭಾರ ಅನ್ನಬೇಡ, ಮೊದಲು ಆಳೆತ್ತರದ ಡಬಲ್ ಬಾಸ್ ಹೊರಬೇಕಿತ್ತು ಅಂದರು. ಅಷ್ಟು ದೊಡ್ಡದಿದ್ದರೂ ಗಲಾಟೆಯ ನಡುವೆ ಅದು ಕೇಳುತ್ತಿರಲಿಲ್ಲ. 1951ರಲ್ಲಿ ಅಮೆರಿಕದ ಲಿಯೊ ಫೆಂಡರ್ ಮಾರುಕಟ್ಟೆಗೆ ಬಿಟ್ಟ ಪ್ರಿಸಿಷನ್ ಬಾಸ್ ಆ ಎರಡೂ ಕಷ್ಟ ಬಿಡಿಸಿತು. ಗಿಟಾರಿನ ಹಾಗೆ ಹೆಗಲಿಗೆ ಹಾಕಬಹುದು, ಕುತ್ತಿಗೆಯ ಮೇಲೆ ವೀಣೆಯ ಹಾಗೆ ಸ್ವರದ ಮನೆಗಳು (ಫ್ರೆಟ್) ಇರುವುದರಿಂದ ಸ್ವರ ತಪ್ಪುವುದಿಲ್ಲ, ಆಂಪ್ಲಿಫೈಯರಿಗೆ ಜೋಡಿಸಿದರೆ ಊರಿಗೇ ಕೇಳುತ್ತದೆ.

"ಅಮ್ಮನಿಗೆ ಮೊಬೈಲಿನಲ್ಲಿ ಕೇಳಲೇ ಇಲ್ಲ" ಅಂದ ಹುಡುಗ.

"ಹೇಗೆ ಕೇಳ್ತದೆ?" ಅಂತ ಪೊರ್ಬುಗಳು ತಮ್ಮ ಫೋನಿನಲ್ಲಿ ಒಂದು ಹಳೆಯ ಹಾಡು ಹಾಕಿದರು. ಹಾಡಿತು, ತಬಲಾ ಕೇಳಿಸಿತು, ಪಿಟೀಲು ಕೇಳಿಸಿತು. ಆಮೇಲೆ ಅದನ್ನೇ ಮೂಲೆಯಲ್ಲಿದ್ದ ದೊಡ್ಡ ಪೆಟ್ಟಿಗೆಗೆ ಜೋಡಿಸಿದರು. ಹಾಡಿನ ಅಡಿಯಲ್ಲಿ ಇನ್ನೊಂದು ಹಾಡು ನಡೆಯುತ್ತಿತ್ತು! ಬಾಸಿನ ದಪ್ಪ ತಂತಿ ಸೆಕೆಂಡಿಗೆ 41 ಸಲ ಮಾತ್ರ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರಕ್ಕೆ ಬೇಕಾದಷ್ಟು ಗಾಳಿಯನ್ನು ಫೋನಿನ ಪುಟ್ಟ ಸ್ಪೀಕರಿಗೆ ನೂಕಲು ಆಗುವುದಿಲ್ಲ. ಅದು ಕೊಡುವುದು ಆ ಸ್ವರದ ಮೇಲಿನ ಪದರಗಳನ್ನು ಮಾತ್ರ. ಅಷ್ಟರಿಂದ ನಮ್ಮ ಕಿವಿ ಕೆಳಗಿನದನ್ನು ತಾನೇ ಊಹಿಸಿಕೊಳ್ಳುತ್ತದೆ. ಅಭ್ಯಾಸ ಇದ್ದವರಿಗೆ ಆ ಊಹೆಯಲ್ಲೇ ಹಾಡು ನಡೆಯುತ್ತದೆ, ಅಕ್ಕನಂಥವರಿಗೆ ಬೆರಳು ಮಾತ್ರ ಕಾಣುತ್ತದೆ.

ದೂರದಿಂದ ಕೇಳುವಾಗ ಇದು ತಿರುಗಾಮುರುಗಾ. ಎತ್ತರದ ಸ್ವರಗಳನ್ನು ಗಾಳಿ, ಮರ, ಗೋಡೆ ಎಲ್ಲ ನುಂಗಿಬಿಡುತ್ತವೆ. ಗುಡ್ಡದಾಚೆಯ ಗಾನಮೇಳದಿಂದ ನಮ್ಮ ಮನೆಯ ಚಾವಡಿಗೆ ಬರುತ್ತಿದ್ದದ್ದು ಬರೀ ಬಾಸ್ ಮತ್ತು ದೊಡ್ಡ ಡ್ರಮ್ಮು. ಹಾಡು ಯಾವುದು ಅಂತ ಅದರಲ್ಲೇ ಪತ್ತೆ ಹಚ್ಚುವುದು ಅಕ್ಕನಿಗೂ ನನಗೂ ಚಿಕ್ಕಂದಿನಲ್ಲಿ ಒಂದು ಆಟ. ಹಾಗೆ ನೋಡಿದರೆ ಅಕ್ಕನಿಗೆ ಬಾಸ್ ನಮಗಿಂತ ಮೊದಲೇ ಗೊತ್ತು.

ಆಮೇಲೆ ನಡೆದದ್ದನ್ನು ಬರೆಯಬೇಕು ಅಂತಲೇ ಇಷ್ಟೆಲ್ಲ ಬರೆದೆ.

ಪೊರ್ಬುಗಳು ಬಾಸನ್ನು ತೊಡೆಯ ಮೇಲೆ ಇಟ್ಟುಕೊಂಡು ಹುಡುಗನಿಗೆ "ಒಂದು ಸಾ ಹಿಡಿ. ನಾನು ಸಾಕು ಅನ್ನುವ ತನಕ ಬಿಡಬೇಡ. ಮೇಲೆ ಕೆಳಗೆ ಹೋಗಬೇಡ" ಅಂದರು. ಅವನು ಷಡ್ಜ ಹಿಡಿದ. ಅವರು ಕೆಳಗೆ ಅದೇ ಸ್ವರ ಮಿಡಿದರು. ಗಟ್ಟಿಯಾಗಿ ನೆಲದ ಮೇಲೆ ನಿಂತ ಷಡ್ಜ. ಹುಡುಗ ಹಾಗೇ ಹಿಡಿದುಕೊಂಡಿದ್ದ. ಅವರು ಕೆಳಗಿನ ಧೈವತಕ್ಕೆ ಇಳಿದರು. ಹುಡುಗನ ಸ್ವರ ಒಂದು ಎಳೆಯೂ ಅಲುಗಲಿಲ್ಲ. ಆದರೂ ಅದರಲ್ಲಿ ಎಲ್ಲಿಂದಲೋ ಒಂದು ದುಃಖ ಬಂದು ಸೇರಿತು. ಇನ್ನೂ ಕೆಳಗೆ, ಮಧ್ಯಮಕ್ಕೆ ಹೋದರು. ದುಃಖ ಹೋಯಿತು, ಯಾರೋ ಬಾಗಿಲು ತೆಗೆದು ಹೊರಗೆ ಕರೆದಂತಾಯಿತು. ಮತ್ತೆ ಷಡ್ಜಕ್ಕೆ ಬಂದರು. ಹುಡುಗನಿಗೆ ಉಸಿರು ಮುಗಿದಿತ್ತು.

"ನೀನು ಹಾಡಿದ್ದು ಒಂದೇ ಸ್ವರ" ಅಂದರು ಪೊರ್ಬುಗಳು. "ಕೇಳುವವರಿಗೆ ಅದು ಎಂತ ಆಗಬೇಕು ಅಂತ ತೀರ್ಮಾನ ಮಾಡಿದ್ದು ನಾನು. ಇದು ಗೊತ್ತಾದ ದಿನ ನನ್ನ ಸಿಟ್ಟು ಹೋಯ್ತು. ಆಮೇಲೆ ಲೀಡ್ ಕೊಡ್ತೇನೆ ಅಂದರೂ ನಾನು ಹೋಗ್ಲಿಲ್ಲ."

ಹುಡುಗ ಏನೋ ಹೇಳಲು ಹೊರಟಿದ್ದ. ಅಷ್ಟರಲ್ಲಿ ಅಪ್ಪ ಕುರ್ಚಿಯಲ್ಲಿ ಮುಂದೆ ಸರಿದು ಕೂತರು. ಅವರ ಮುಖದಲ್ಲಿ ಕುಶಿ ಇರಲಿಲ್ಲ.

"ಅಲ್ಲ ಪೊರ್ಬುಗಳೇ, ಶ್ರುತಿಯೇ ಎದ್ದು ನಡೆದರೆ ಭಾಗವತ ಎಲ್ಲಿ ನಿಲ್ಲಬೇಕು?"

ನನಗೆ ಈ ಪ್ರಶ್ನೆ ತುಂಬ ಇಷ್ಟವಾಯಿತು. ಆಟದಲ್ಲಿ ರಾತ್ರಿಯಿಡೀ ಶ್ರುತಿ ಕೂತಲ್ಲಿಂದ ಏಳುವುದಿಲ್ಲ. ಭಾಗವತರು ಅದರ ಮೇಲೆ ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಮದ್ದಳೆಯನ್ನೂ ಅದಕ್ಕೇ ಸೇರಿಸಿ ಕಟ್ಟುತ್ತಾರೆ. ಅಡಿಯಲ್ಲಿರುವುದು ಅಲುಗಬಾರದು ಅಂತ ಒಂದು ಸಂಗೀತ, ಅಡಿಯಲ್ಲಿರುವುದನ್ನು ಅಲುಗಿಸಿಯೇ ಕಥೆ ಹೇಳುವ ಇನ್ನೊಂದು ಸಂಗೀತ. ಎರಡರ ನಡುವೆ ರಾಜಿ ಮಾಡಲು ನಾನು ಹೋಗುವುದಿಲ್ಲ. ಪೊರ್ಬುಗಳೂ ಹೋಗಲಿಲ್ಲ. "ನಿಮ್ಮದರಲ್ಲಿ ನಡೆಯುವುದಿಲ್ಲ ಭಟ್ರೇ, ನಮ್ಮದರಲ್ಲಿ ನಡೆಯದಿದ್ದರೆ ಆಗುವುದಿಲ್ಲ" ಅಂದರು, ಅಷ್ಟೇ.

ಇಬ್ಬರೂ ಒಪ್ಪಿದ್ದು ಕಾಲದ ವಿಷಯದಲ್ಲಿ. ಬಾಸಿನವನು ಡ್ರಮ್ಸ್‌ನವನ ದೊಡ್ಡ ಡ್ರಮ್ಮು ಬಡಿಯುವ ಬಲಗಾಲನ್ನು ನೋಡಿಕೊಂಡಿರಬೇಕು, ಅವನ ಪೆಟ್ಟಿಗೂ ಇವನ ಮಿಡಿತಕ್ಕೂ ನಡುವೆ ಕೂದಲೆಳೆ ಹೋಗಬಾರದು ಅಂತ ಪೊರ್ಬುಗಳು ಹೇಳುವಾಗ ಅಪ್ಪ ಸುಮ್ನೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಹುಡುಗ ಎಲ್ಲೋ ಓದಿದ್ದನ್ನು ಹೇಳಿದ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಎರಡು ಸ್ವರ ಒಟ್ಟಿಗೆ ಕೇಳಿಸುವಾಗ ತಗ್ಗಿನ ಸ್ವರ ಸಮಯ ತಪ್ಪಿದರೆ ಮಿದುಳಿಗೆ ಹೆಚ್ಚು ಚೆನ್ನಾಗಿ ಗೊತ್ತಾಗುತ್ತದಂತೆ, ಎತ್ತರದ್ದು ತಪ್ಪಿದರೆ ಅಷ್ಟಿಲ್ಲ.

"ಇದಕ್ಕೆ ಕೆನಡಾಕ್ಕೆ ಹೋಗಬೇಕಾ ಮಾರಾಯಾ" ಅಂದರು ಅಪ್ಪ.

ಚಹಾದ ಜೊತೆ ಬಾಳೆಕಾಯಿ ಚಿಪ್ಸು ಬಂತು. ಹುಡುಗ ತಿನ್ನಲಿಲ್ಲ, ತಂತಿ ಮಿಡಿಯುತ್ತಲೇ ಇದ್ದ. ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಬರಬೇಕು ಅಂತ ಪೊರ್ಬುಗಳು ತಿದ್ದಿದರು. ಅಮೆರಿಕದ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಒಂದೇ ಬೆರಳಿನಲ್ಲಿ ಎಲ್ಲ ಮಾಡುತ್ತಿದ್ದನಲ್ಲ ಅಂತ ಹುಡುಗ ವಾದ ಹೂಡಿದ. "ಅವನಾಗು, ಆಮೇಲೆ ಒಂದು ಬೆರಳು ಸಾಕು" ಅಂತ ಉತ್ತರ. ಆ ಜೇಮರ್ಸನ್ ಹೆಸರು ಬಹಳ ಕಾಲ ರೆಕಾರ್ಡುಗಳ ಮೇಲೆ ಅಚ್ಚಾಗುತ್ತಲೇ ಇರಲಿಲ್ಲ. ನಮ್ಮಲ್ಲೂ ರೆಹಮಾನ್ ಹಾಡುಗಳು ಯಾರಿಗೆ ಗೊತ್ತಿಲ್ಲ? ಅವುಗಳಲ್ಲಿ ಎಷ್ಟಕ್ಕೋ ಬಾಸ್ ನುಡಿಸಿದ ಚೆನ್ನೈಯ ಕೀತ್ ಪೀಟರ್ಸ್ ಹೆಸರು ಗೊತ್ತಿರುವವರು ಕಡಿಮೆ. ಹೆಸರಿನ ಆಸೆ ಇದ್ದವರು ಈ ವಾದ್ಯದಲ್ಲಿ ಉಳಿಯುವುದು ಕಷ್ಟ ಅಂತ ನನಗೆ ಅನಿಸುತ್ತದೆ. ಮೆಕಾರ್ಟ್ನಿ ಉಳಿದರಲ್ಲ ಅಂದರೆ, ಅವರು ಹಾಡುತ್ತಲೂ ಇದ್ದರು.

ನಾನೂ ಒಮ್ಮೆ ದಪ್ಪ ತಂತಿ ಮಿಡಿದು ನೋಡಿದೆ. ಶಬ್ದ ಕಿವಿಗೆ ಬರುವ ಮೊದಲೇ ಪಕ್ಕೆಲುಬಿಗೆ ತಾಗಿತು ಅನಿಸಿತು. ಎದುರಿನ ಶೋಕೇಸಿನಲ್ಲಿದ್ದ ಸ್ಟೀಲಿನ ಲೋಟಗಳು ಝಿಲ್ ಅಂದವು. ಒಳಗಿನಿಂದ ಪೊರ್ಬುಗಳ ಹೆಂಡತಿ "ಅದನ್ನು ಇವತ್ತೇ ತಗೊಂಡು ಹೋಗಿ" ಅಂತ ಬೊಬ್ಬೆ ಹಾಕಿದರು. ವ್ಯಾಪಾರ ಅಲ್ಲಿಗೆ ಮುಗಿಯಿತು ಅನ್ನಬಹುದು. ಪೊರ್ಬುಗಳು ಹೇಳಿದ ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ತಂತಿ ಮಾತ್ರ ಹೊಸತು ಹಾಕಿಸಬೇಕು.

ಅಕ್ಕ ಗೇಟಿನಲ್ಲೇ ಕಾಯುತ್ತಿದ್ದಳು. ಅವಳಿಗೆ ಷಡ್ಜ, ಧೈವತದ ಕಥೆ ಹೇಳಲು ಹೊರಟೆ. ಅವಳು ಬೆಲೆ ಕೇಳಿದಳು. ಕೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. "ಹಾಗಾದರೆ ಕಲೋತ್ಸವಕ್ಕೆ ತಂಡ ರೆಡಿಯಾ?" ಅಂದಳು.

"ಇಲ್ಲ ಅಮ್ಮಾ" ಅಂದ ಹುಡುಗ. "ಡ್ರಮ್ಸಿಗೆ ಯಾರೂ ಇಲ್ಲ."

ಅಜ್ಜನ ಹತ್ರ ಚೆಂಡೆ ಕಲಿಯುತ್ತಿರುವ ಅವನ ತಂಗಿ ಮೆಟ್ಟಿಲಲ್ಲಿ ಕೂತು ಹಲಸಿನ ಹಪ್ಪಳ ತಿನ್ನುತ್ತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದೆವು.

"ನನ್ನನ್ನು ನೋಡ್ಬೇಡಿ, ಆಗ್ಲಿಕ್ಕಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬಲಗಾಲಿಗೂ ಕೆಲಸ ಉಂಟಾ ಅದರಲ್ಲಿ?" ಅಂತ ಕೇಳಿದಳು.